ಕೂದಲೆಳೆಯಷ್ಟೂ ತಪ್ಪದ ಲಾಂಛನ

ನಮ್ಮ ಭಾವ ಕಾರ್ ಮೆಕ್ಯಾನಿಕ್. ಕಂಪನಿಯೇ ಕೈಬಿಟ್ಟ ಒಂದು ಹಳೇ ಮಾಡೆಲ್ಲಿನ ಕಾರೆಂದರೆ ಅವರಿಗೆ ಪ್ರಾಣ. ಮದುವೆಯ ದಿನವೂ ಅದರ ಕೆಳಗೆ ತೂರಿ ಹೊಸ ಅಂಗಿಯನ್ನು ಮಸಿ ಮಾಡಿಕೊಂಡ ಆಸಾಮಿ. ಅಂದಿನಿಂದ ಅಕ್ಕ ಆ ಕಾರನ್ನು ಸವತಿ ಎಂದೇ ಕರೆಯುವುದು.

ಆ ಸವತಿಯ ಹೆಸರಲ್ಲೇ ಭಾವ ಹತ್ತೊಂಬತ್ತು ವರ್ಷ ಒಂದು ವೆಬ್‌ಸೈಟ್ ನಡೆಸಿದರು. ಅಂಥ ಕಾರು ಇಟ್ಟುಕೊಂಡವರು ಎಲ್ಲೆಲ್ಲಿಂದಲೋ ಬರೆಯುತ್ತಿದ್ದರು: ಗೇರ್ ಬೀಳುತ್ತಿಲ್ಲ, ಬ್ರೇಕ್ ಒಂದು ಕಡೆ ಎಳೆಯುತ್ತಿದೆ. ಭಾವ ಗ್ರೀಸು ತೊಳೆದುಕೊಂಡು, ಎರಡೇ ಬೆರಳಲ್ಲಿ ಕುಟ್ಟಿ ಉತ್ತರಿಸುತ್ತಿದ್ದರು. ಬಿಟ್ಟಿ ಚಾಕರಿ ಎಂದು ನಾನೆಷ್ಟು ರೇಗಿಸಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಕಳೆದ ತಿಂಗಳು ಕಂಪನಿಯಿಂದ ನೋಟಿಸು ಬಂತು: ಹೆಸರೂ ಲಾಂಛನವೂ ನಮ್ಮ ಟ್ರೇಡ್‌ಮಾರ್ಕ್. ಹತ್ತು ದಿನದೊಳಗೆ ತೆಗೆಯಿರಿ, ಸೈಟಿನ ವಿಳಾಸವನ್ನೂ ನಮಗೆ ಬಿಟ್ಟುಕೊಡಿ. ನನಗೆ ಮೈಯೆಲ್ಲ ಉರಿದುಹೋಯಿತು. ಭಾವನನ್ನು ಎಳೆದುಕೊಂಡು ವಕೀಲೆಯೊಬ್ಬರ ಬಳಿ ಹೋದೆ.

"ಅಭಿಮಾನಿಯ ಸೈಟು ಅಂತ ವಾದ ಮಾಡ್ಬಹುದು," ಎಂದರು ಅವರು. "ಆದ್ರೆ ಪ್ರತಿ ಪುಟದ ತಲೆ ಮೇಲೂ ಈ ಲಾಂಛನ ಇದೆಯಲ್ಲ, ಇದೆಲ್ಲಿ ಸಿಕ್ತು?"

ಭಾವನ ಮುಖ ಅರಳಿತು. "ನಾನೇ ಬರೆದಿದ್ದು ಮೇಡಂ. ಬಾನೆಟ್ ಮೇಲಿರೋದನ್ನ ಕ್ಯಾಲಿಪರ್‌ನಲ್ಲಿ ಅಳೆದು ಬರೆದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ವಕೀಲೆ ಪೆನ್ನು ಕೆಳಗಿಟ್ಟರು. "ಅದೇ ಈಗ ಮುಳುವಾಗಿರೋದು. ನೋಟಿಸಲ್ಲೇ ಇದೆ ನೋಡಿ, ಇದು ಕಂಪನಿಯದೇ ಸೈಟು ಅಂದ್ಕೊಂಡು ಜನ ಅವರಿಗೆ ದೂರು ಬರೆದಿದ್ದಾರೆ. ಒಂಚೂರು ಸೊಟ್ಟಗೆ ಬರೆದಿದ್ರೂ ಏನಾದ್ರೂ ಹೇಳ್ಬಹುದಿತ್ತು."

ಜೀವಮಾನದಲ್ಲಿ ಒಂದು ನಟ್ಟನ್ನೂ ಸೊಟ್ಟಗೆ ಬಿಗಿಯದ ಮನುಷ್ಯ ತಲೆ ತಗ್ಗಿಸಿ ಕೂತರು. ಬರಹವನ್ನೆಲ್ಲ ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ ಎಂದು ವಕೀಲೆ ಸಮಾಧಾನ ಹೇಳಿದರು.

"ಕಾರಿನ ಹೆಸರೇ ಇಲ್ದಿದ್ರೆ ಅವರೆಲ್ಲ ನನ್ನನ್ನ ಎಲ್ಲಿ ಅಂತ ಹುಡುಕ್ತಾರೆ ಮೇಡಂ?"

ವಕೀಲೆ ಸೈಟು ಬಿಟ್ಟುಕೊಡುವ ಒಪ್ಪಿಗೆ ಪತ್ರವನ್ನು ಅವರ ಮುಂದೆ ಸರಿಸಿದರು. ಭಾವ ಸಹಿ ಹಾಕಿದರು.

ಹತ್ತನೆಯ ದಿನ ಮಧ್ಯಾಹ್ನ ಸೈಟಿನ ವಿಳಾಸ ಕುಟ್ಟಿ ನೋಡಿದೆ. ಕಂಪನಿಯ ಹೊಸ ಕಾರಿನ ಜಾಹೀರಾತು ಬಂತು. ಗ್ಯಾರೇಜಿಗೆ ಓಡಿದೆ. ಭಾವ ತಮ್ಮ ಕಾರಿನ ಮುಂದೆ ನಿಂತು ಸ್ಕ್ರೂಡ್ರೈವರಿನಿಂದ ಬಾನೆಟ್ಟಿನ ಲಾಂಛನ ಮೀಟಿ ಎಬ್ಬಿಸುತ್ತಿದ್ದರು.

"ರೀ, ಅದು ನಮ್ಮ ಕಾರಿಂದು. ಅದನ್ನ ಯಾರೂ ಕೇಳಿಲ್ಲ ರೀ," ಎಂದು ಅಕ್ಕ ಅವರ ಕೈ ಹಿಡಿದಳು.

"ಆ ಸೈಟೂ ನಂದೇ ಅಂದ್ಕೊಂಡಿದ್ದೆ ಕಣೇ, ಹತ್ತೊಂಬತ್ತು ವರ್ಷ. ಇವರು ಇದನ್ನೂ ಕೇಳೋಕೆ ಮುಂಚೆ ನಾನೇ ಕೊಟ್ಬಿಡ್ತೀನಿ."

ಲಾಂಛನ ಕಿತ್ತು ಬಂತು. ಬಾನೆಟ್ಟಿನಲ್ಲಿ ಎರಡು ತೂತು ಉಳಿದವು. ಅಕ್ಕ ಅವುಗಳ ಮೇಲೆ ಅಂಗೈ ಮುಚ್ಚಿ, ಸವತಿಯನ್ನು ತಬ್ಬಿಕೊಂಡು ಅತ್ತಳು.