ಎಂಟು ಚೀಟಿಯಲ್ಲಿ ಒಂದೇ ಹೆಸರು

ಧಡ್. ಧಡ್. ಧಡ್. ಧಡ್.

ಕಳೆದ ಚುನಾವಣೆಯ ದಿನಗಳನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಭಾಷಣವಲ್ಲ, ಈ ಸದ್ದು. ಕಾರಿನ ಬಾಗಿಲುಗಳದ್ದು. ಮನೆ ಮುಂದೆ ಒಂದು ಬಾಗಿಲು ಬಡಿದರೆ ನೆಂಟರು. ಎರಡು ಬಡಿದರೆ ಲಗ್ನಪತ್ರಿಕೆ ಕೊಡಲು ಬಂದವರು. ನಾಲ್ಕೂ ಬಡಿದವೋ, ಖಂಡಿತ ಟಿಕೆಟ್ ಆಕಾಂಕ್ಷಿ!

ನನ್ನಂಥ ಮುದುಕಿಯ ಹತ್ತಿರ ಆಕಾಂಕ್ಷಿಗಳಿಗೆ ಏನು ಕೆಲಸ? ಇಂಗ್ಲಿಷ್. ಸೊಲ್ಲಾಪುರದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಬೆರಳ ಗೆಣ್ಣಿಗೆ ಸ್ಕೇಲಿನಿಂದ ಬಾರಿಸಿ ಕಲಿಸಿದ ಇಂಗ್ಲಿಷ್. ಅದನ್ನೇ ಮೂವತ್ತು ವರ್ಷ ಇಲ್ಲಿನ ಹೈಸ್ಕೂಲಿನಲ್ಲಿ ಹಂಚಿದೆ (ಬಾರಿಸದೆ). ಪಕ್ಷದ ಟಿಕೆಟ್ ಬೇಕಾದವರು ದಿಲ್ಲಿಗೆ ಬಯೋಡೇಟಾ ಕಳಿಸಬೇಕಿತ್ತು. ತಮ್ಮದೇ ಪಕ್ಷದ ಹಾಲಿ ಶಾಸಕರಿಗೆ ಈ ಸಲ ಯಾಕೆ ಕೊಡಬಾರದು ಎಂದೂ ಬರೆಯಬೇಕಿತ್ತು. ಅಂಥದ್ದನ್ನು ಸ್ಟೈಲಾಗಿ ಬರೆಯುವ 'ಅಕ್ಕೋರು' ಊರಲ್ಲಿ ನಾನೊಬ್ಬಳೇ ಉಳಿದಿದ್ದೇನೆಂದು ಯಾರೋ ಸುದ್ದಿ ಹಬ್ಬಿಸಿದ್ದರು.

ಯಾವ ಊರು ಎಂದು ಕೇಳಬೇಡಿ. ಇಂಡಿಯವರು ಇದು ಸಿಂದಗಿಯ ಕಥೆ ಎಂದುಕೊಳ್ಳಲಿ. ಸಿಂದಗಿಯವರು ಮುದ್ದೇಬಿಹಾಳದ್ದು ಎನ್ನಲಿ. ಮುದ್ದೇಬಿಹಾಳದವರು ಬಸವನ ಬಾಗೇವಾಡಿಯತ್ತ ಬೆರಳು ಮಾಡಲಿ. ಬಾಗೇವಾಡಿಯವರು ಇಂಡಿಯವರನ್ನು ನೆನೆದು ನಗಲಿ. ನಾಲ್ಕೂ ಕಡೆ ನನಗೆ ಚಹಾ ಕೊಡುವ ಮನೆಗಳಿವೆ. ಈ ವಯಸ್ಸಿನಲ್ಲಿ ಒಂದನ್ನೂ ಕಳೆದುಕೊಳ್ಳಲಾರೆ.

ಮೊದಲು ಬಂದವರು ಗೌಡರು. ರಸ್ತೆ ಕಾಂಟ್ರಾಕ್ಟರ್. ಪ್ರತಿ ಹಬ್ಬಕ್ಕೂ ಬ್ಯಾನರಿನಲ್ಲಿ ಕೈ ಮುಗಿಯುವವರು. ಎದುರಿಗೆ ಸಿಕ್ಕಾಗ ಮಾತ್ರ ಮುಗಿಯದವರು.

"ಅಕ್ಕೋರ, ಜಬರ್ದಸ್ತ್ ಇಂಗ್ಲಿಷ್ ಹಾಕ್ರಿ. ದಿಲ್ಲಿಯವರು ಓದಿ ಬೆವತು ಹೋಗಬೇಕು!"

"ಆತು. ಎಮ್ಮೆಲ್ಲೆ ಸಾಹೇಬ್ರ ಮ್ಯಾಲ ನಿಮ್ಮ ತಕರಾರು ಏನ್ರಿ?"

"ಫೋನ್ ಎತ್ತೂದಿಲ್ರಿ ಅವರು. ಜನಾ ಹಚ್ಚಿ ಹಚ್ಚಿ ಸಾಯಾಕತ್ತಾರ!"

ಇಷ್ಟು ಹೇಳುವುದರೊಳಗೆ ಅವರದೇ ಫೋನು ಮೂರು ಸಲ ಹೊಡೆದುಕೊಂಡಿತು. ಮೂರು ಸಲವೂ ಬೋರಲು ಹಾಕಿದರು. ನಾನು ಬರೆದೆ: 'ಸದಾ ಜನಸಂಪರ್ಕದಲ್ಲಿರುವವರು.'

ಎರಡನೆಯವರು ಕಣ್ಣಿನ ಡಾಕ್ಟರ್. ಜೆಂಟಲ್‌ಮನ್. ಶಾಸಕರ ಮೇಲೆ ವೈಯಕ್ತಿಕ ದ್ವೇಷವೇನೂ ಇಲ್ಲವಂತೆ, ಬದಲಾವಣೆ ಬೇಕಂತೆ.

"ಏನು ಬದಲಾಗಬೇಕು, ಡಾಕ್ಟರ್?"

"ಬದಲಾವಣಿ ಅಂದ್ರ..." ಕನ್ನಡಕ ತೆಗೆದು ಒರೆಸಿದರು. "ಅವರ ಬದ್ಲಿ ನಾನ್ರಿ, ಅಕ್ಕೋರ."

ಇಷ್ಟು ಕ್ಲಿಯರ್ ಆದ ಪ್ರಣಾಳಿಕೆಯನ್ನು ನಾನು ಈವರೆಗೆ ಓದಿಲ್ಲ.

ಹೀಗೆ ಎಂಟು ಜನ. ಎಂಟೂ ಜನರನ್ನು ನಾನು 'ವಿಷನರಿ' ಎಂದು ಬರೆದೆ. ಏನು ಮಾಡಲಿ? ಎಂಟೂ ಜನ ಪೇಡೆ ತಂದಿದ್ದರು.

ಒಂಬತ್ತನೆಯವಳು ಕಾರಿನಲ್ಲಿ ಬರಲಿಲ್ಲ. ಬಸ್ಸಿಳಿದು ನಡೆದು ಬಂದಳು. ಜೈತುನಬಿ, ನನ್ನದೇ ಸ್ಟೂಡೆಂಟ್. ಹತ್ತನೇ ಕ್ಲಾಸಿಗೇ ಓದು ಬಿಡಿಸಿ ಮದುವೆ ಮಾಡಿದರು. ಈಗ ಐವತ್ತು ದಾಟಿದೆ. ಎರಡು ಸಲ ಗ್ರಾಮ ಪಂಚಾಯತಿ ಅಧ್ಯಕ್ಷೆಯಾಗಿದ್ದವಳು.

"ನಿನ್ನ ತಕರಾರು ಏನವಾ?"

"ಒಂದ ಐತ್ರಿ. ನಮ್ಮ ಊರಾಗ ಹೆಣ್ಮಕ್ಕಳ ಪಿಯು ಕಾಲೇಜಿಗೆ ಎರಡು ಸಲ ಅಡಿಗಲ್ಲು ಹಾಕ್ಯಾರ. ಎರಡೂ ಸಲ ಇಲೆಕ್ಷನ್ ಮುಂದ. ಕಲ್ಲು ಎರಡು ಅದಾವ, ಗ್ವಾಡಿ ಒಂದೂ ಇಲ್ಲ. ನನ್ನ ಮೊಮ್ಮಗಳು ಹತ್ತನೇದಾಗ ಅದಾಳ್ರಿ. ಅಕೀ ಜೋಡಿ ಇನ್ನ ಹನ್ನೊಂದು ಹುಡುಗ್ಯಾರು. ಕಾಲೇಜು ಆಗಲಿಲ್ಲಂದ್ರ ಎಲ್ಲಾರೂ ಮನ್ಯಾಗ ಕೂಡ್ತಾರ. ನನ್ಹಂಗ."

"ಬ್ಯಾರೆ ಏನರ ಬರೀಲೇನ?"

"ಬ್ಯಾಡ್ರಿ. ಹೆಚ್ಚಿಗಿ ಬರದ್ರ ಇದು ಕಾಣಂಗಿಲ್ಲ."

ಅರ್ಧ ಪುಟಕ್ಕೆ ಮುಗಿಯಿತು. 'ವಿಷನರಿ' ಎಂದು ಅವಳಿಗೆ ಬರೆಯಲಿಲ್ಲ. ಆ ಪದವನ್ನು ಅಷ್ಟರಲ್ಲಿ ನಾನೇ ಹಾಳುಮಾಡಿಟ್ಟಿದ್ದೆ.

(ನಮ್ಮ ಜಿಲ್ಲೆಯ ಸಾಲೋಟಗಿಯ ಶಾಸನ ಗೊತ್ತಲ್ಲ? ಸಾವಿರ ವರ್ಷದ ಹಿಂದಿನ ಆ ಕಲ್ಲಿನಲ್ಲಿ ವಿದ್ಯಾಲಯದ ಮಾತಿದೆ, ದೂರದಿಂದ ಬಂದ ವಿದ್ಯಾರ್ಥಿಗಳ ವಸತಿಯ ಮಾತೂ ಇದೆ. ಪಾಪ, ಆಗಿನವರು ಶಾಲೆ ಕಟ್ಟಿ ಆಮೇಲೆ ಕಲ್ಲು ನಿಲ್ಲಿಸಿದರು. ನಾವು ಜಾಣರು. ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳುತ್ತೇವೆ.)

ಪಕ್ಷದ ವೀಕ್ಷಕರು ಬಂದ ದಿನ ಸರ್ಕಾರಿ ಬಂಗಲೆ ಐಬಿಯ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ವೀಕ್ಷಕರಿಗೆ ಕನ್ನಡ ಬರುತ್ತಿರಲಿಲ್ಲ. ಜೈತುನಬಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಾಗಾಗಿ ನಾನೂ ಹೋಗಿದ್ದೆ.

ವೀಕ್ಷಕರದು ಮಾಡರ್ನ್ ಮೆಥಡ್. ಒಬ್ಬೊಬ್ಬರನ್ನೇ ಒಳಗೆ ಕರೆದು ಒಂದು ಚೀಟಿ ಕೊಡುತ್ತಿದ್ದರು. ನಿಮ್ಮನ್ನು ಬಿಟ್ಟರೆ ಟಿಕೆಟ್‌ಗೆ ಯಾರು ಯೋಗ್ಯರು? ಒಂದೇ ಹೆಸರು ಬರೆಯಿರಿ, ಹಾಲಿ ಶಾಸಕರದು ಬೇಡ. ಸಿಂಪಲ್!

ಮಧ್ಯಾಹ್ನ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ರಿಸಲ್ಟ್ ಹೇಳಿದರು. ಕನ್ನಡಕ್ಕೆ ತರುವ ಭಾಗ್ಯ ನನ್ನದಾಯಿತು.

"ಡಾಕ್ಟರ್ ಸಾಹೇಬ್ರಿಗೆ ಒಂದು ಚೀಟಿ. ಉಳಿದ ಎಂಟೂ ಚೀಟಿ ಜೈತುನಬಿಗೆ."

ಚಹಾ ಬಂತು. ಯಾರೂ ಮುಟ್ಟಲಿಲ್ಲ. ನನ್ನ ಹಿಂದಿನ ಸಾಲಿನಲ್ಲಿ ಗೌಡರು ಡಾಕ್ಟರತ್ತ ಬಾಗಿದರು.

"ನೀವೂ ಅಕೀ ಹೆಸರ ಬರದ್ರೇನ್ರಿ?"

"ಮತ್ತ? ನೀವು ನನ್ನ ಹೆಸರು ಬರದಿರ್ತೀರಿ ಅಂತ ತಿಳದಿದ್ನಿ."

"ನಿಮ್ಮ ಹೆಸರ? ನನಗೇನ್ ಹುಚ್ಚ ಹಿಡದೈತೇನ್ರಿ?"

ಆಗ ತಿಳಿಯಿತು ನನಗೆ. ಯೋಗ್ಯರ ಹೆಸರು ಬರೆದರೆ ಅವರಿಗೇ ಟಿಕೆಟ್ ಸಿಕ್ಕಿಬಿಟ್ಟರೆ? ಅದಕ್ಕೇ ಎಂಟೂ ಜನ, ಯಾರಿಗೆ ಸಿಗುವ ಸಾಧ್ಯತೆಯೇ ಇಲ್ಲವೋ ಅವಳನ್ನು ಹುಡುಕಿ ಬರೆದಿದ್ದರು. ಬೇರೆ ಬೇರೆಯಾಗಿ. ಒಬ್ಬರಿಗೊಬ್ಬರು ಹೇಳದೆ. ಎಂಟು ತಲೆ, ಒಂದೇ ಜಾಣತನ. ಪ್ರಶ್ನೆಗೆ ಸರಿಯಾಗಿ ಉತ್ತರ ಬರೆದವಳು ಜೈತುನಬಿ ಒಬ್ಬಳೇ. "ಡಾಕ್ಟರು ನಮ್ಮವ್ವನ ಕಣ್ಣು ಚೊಲೊ ಮಾಡ್ಯಾರಲ್ರಿ" ಎಂದು ಆಮೇಲೆ ಹೇಳಿದಳು.

ವೀಕ್ಷಕರಿಗೋ ಖುಷಿಯೋ ಖುಷಿ. 'ಕನ್ಸೆನ್ಸಸ್! ಇಂಥ ಕನ್ಸೆನ್ಸಸ್ ನಾನು ಎಲ್ಲೂ ನೋಡಿಲ್ಲ' ಎನ್ನುತ್ತಿದ್ದರು. ಜೈತುನಬಿ ನನ್ನ ಸೆರಗಿನ ತುದಿ ಹಿಡಿದುಕೊಂಡಳು.

"ಅಕ್ಕೋರ, ಕಾಲೇಜು ಆಗತೈತೇನ್ರಿ?"

"ಆಗತೈತವಾ" ಎಂದೆ. ಅಷ್ಟು ವರ್ಷ ಟೀಚರಾಗಿದ್ದವಳು, ಒಬ್ಬ ವಿದ್ಯಾರ್ಥಿನಿಗೆ ಅಷ್ಟು ದೊಡ್ಡ ತಪ್ಪು ಉತ್ತರ ಎಂದೂ ಹೇಳಿಕೊಟ್ಟಿರಲಿಲ್ಲ.

ಗೌಡರು ಎದ್ದು ನಿಂತರು. "ಸರ್, ಒಂದ್ ಮಾತ್ರಿ. ಜೈತುನಬಿ ನಮ್ಮ ತಂಗಿ ಇದ್ದಂಗ. ಆದ್ರ ಅನುಭವ ಅಂಬೂದು ಒಂದು ಐತಲ್ರಿ? ನಮ್ಮ ಎಮ್ಮೆಲ್ಲೆ ಸಾಹೇಬ್ರ ಮುಂದುವರೀಲಿ."

ಬದಲಾವಣೆಯ ಡಾಕ್ಟರು ತಕ್ಷಣ ಸೇರಿಸಿದರು: "ಹೌದ್ರಿ. ಇಂಥಾ ಹೊತ್ತಿನ್ಯಾಗ ಬದಲಾವಣಿ ಬ್ಯಾಡ."

ಉಳಿದ ಆರು ಕೈಗಳೂ ಎದ್ದವು. ವೀಕ್ಷಕರು ಎರಡನೆಯ ಕನ್ಸೆನ್ಸಸ್‌ಗೆ ಮೊದಲನೆಯದಕ್ಕಿಂತ ಹೆಚ್ಚು ಖುಷಿಪಟ್ಟರು. ಎಂಟೂ ಕಾರುಗಳು ಒಟ್ಟಿಗೆ ಶಾಸಕರ ಮನೆಗೆ ಹೊರಟವು. ದಾರಿಯಿಂದಲೇ ಗೌಡರು ಫೋನ್ ಹಚ್ಚಿದರಂತೆ. ಶಾಸಕರು ಒಂದೇ ರಿಂಗಿಗೆ ಎತ್ತಿದರಂತೆ.

ಜೈತುನಬಿಯನ್ನು ನಾನು ಕೊನೆಯ ಸಲ ನೋಡಿದ್ದು ಅದಾದ ಹದಿನೈದು ದಿನಕ್ಕೆ, ಅವಳ ಊರಿನಲ್ಲಿ. ನೀತಿಸಂಹಿತೆ ಜಾರಿಯಾಗುವ ಮುಂಚೆ ಅವಸರದಲ್ಲಿ ಕಾಲೇಜಿಗೆ ಶಾಸಕರಿಂದ ಮೂರನೆಯ ಅಡಿಗಲ್ಲು. ನಿವೃತ್ತ ಶಿಕ್ಷಕಿ ಎಂದು ನನಗೆ ಸ್ಟೇಜಿನ ಮೇಲೆ ಕುರ್ಚಿ ಹಾಕಿದ್ದರು. ಅವಳಿಗೆ ಹಾಕಿರಲಿಲ್ಲ. ಅವಳು ಕೆಳಗೆ, ಮೊಮ್ಮಗಳ ಕೈ ಹಿಡಿದು, ಹೆಂಗಸರ ಗುಂಪಿನಲ್ಲಿ ನಿಂತಿದ್ದಳು. ಆಮೇಲೆ ಅವಳು ನಮ್ಮ ಮನೆಗೆ ಬಂದಿಲ್ಲ. ಕರೆಯಲು ನನಗೂ ಮುಖವಿಲ್ಲ.

ಅವತ್ತು ಕಾರ್ಯಕ್ರಮ ಮುಗಿಯಿತು. ಕಾರುಗಳು ಹೋದವು. ನಾನು ಆಟೋಕ್ಕೆ ಕಾಯುತ್ತಿದ್ದೆ. ಗಾರೆ ಕೆಲಸದ ಗೌಂಡಿ ಕರಣಿ ತೊಳೆದಿಟ್ಟು, ಪೂಜೆಗೆಂದು ತಂದಿದ್ದ ನಾಲ್ಕು ಇಟ್ಟಿಗೆಗಳನ್ನು ಮತ್ತೆ ಚೀಲಕ್ಕೆ ತುಂಬುತ್ತಿದ್ದ. ಜೈತುನಬಿ ಅವನ ಹತ್ತಿರ ಹೋದಳು.

"ತಮ್ಮಾ, ಬುಟ್ಟ್ಯಾಗ ಕಲಸಿದ್ದು ಉಳದೈತಲ್ಲ. ಒಂದು ಇಟ್ಟಂಗಿ ಇಟ್ಟು ಹೋಗು."

"ಬ್ಯಾಡ್ರಿ ಅಧ್ಯಕ್ಷರ, ಸಾಹೇಬ್ರು ಬೈತಾರ್ರಿ."

"ಸಾಹೇಬ್ರು ಇನ್ನ ಐದು ವರ್ಷ ಈ ಕಡೆ ಬರಂಗಿಲ್ಲ. ಇಡು."

ಇಟ್ಟ.

ಆ ಕಾಲೇಜಿಗೆ ಇವತ್ತಿನವರೆಗೆ ಬಿದ್ದಿರುವ ಇಟ್ಟಂಗಿ ಅದೊಂದೇ.