ನಡುವಿನ ಅರುವತ್ತು

ನಮ್ಮ ಕಡೆ ಲಾರಿಯ ಮಾಡೆಲ್ ಎಂದರೆ ಅದು ಹುಟ್ಟಿದ ವರ್ಷ. ಯಾವ ಮಾಡೆಲ್ ಎಂದು ಕೇಳಿದವನಿಗೆ ಇಸವಿ ಹೇಳದಿದ್ದರೆ ಸಮಾಧಾನವಿಲ್ಲ. ಅಪ್ಪ ಮಿಲಿಟರಿ ಹರಾಜಿನ ಹಳೇ ಲಾರಿಯೊಂದನ್ನು ಮರ ಸಾಗಿಸಲಿಕ್ಕೆ ತಂದಿದ್ದರು. ಅದರೊಳಗಿನ ತಗಡಿನ ಪ್ಲೇಟಿನಲ್ಲಿ ‘ಎಫ್ 60 ಎಲ್’ ಎಂದಿತ್ತು. ಅರುವತ್ತರ ಮಾಡೆಲ್ ಎಂದು ಅಪ್ಪ ತೀರ್ಮಾನಿಸಿದರು. ಅಪ್ಪ ತೀರ್ಮಾನಿಸಿದ ಮೇಲೆ ಮುಗಿಯಿತು. ಅಷ್ಟು ಹೊಸ ಮಿಲಿಟರಿ ಗಾಡಿ ಐದು ಟನ್ ಹೊರದಿದ್ದರೆ ಎಂತಕ್ಕೆ ಎಂಬುದು ಅವರ ವಾದ.

ಉಪ್ಪಳದ ಬ್ಯಾರಿಯೊಬ್ಬರು ಅದರ ಡ್ರೈವರ್. ನಾನು ಕಾಕ ಎನ್ನುತ್ತಿದ್ದೆ. ಒಂದು ದಿನ ದಿಮ್ಮಿ ತುಂಬಿಸಿ ಹೊರಡುವಾಗ ಅವರು, “ಲೋಡು ಹೆಚ್ಚಾಯ್ತು ಧಣಿ, ಎರಡು ಇಳಿಸುವ” ಎಂದರು. ಅಪ್ಪ ಹೊರಡು ಎಂದು ಕೈಬೀಸಿದರು, ಅಷ್ಟೆ. ನಾನು ಕಾಕನ ಪಕ್ಕದ ಸೀಟಿನಲ್ಲಿದ್ದೆ. ಬೋವಿಕಾನದ ಏರಿನಲ್ಲಿ ಹಿಂದಿನ ಆ್ಯಕ್ಸಲ್ ಮುರಿಯಿತು, ದಿಮ್ಮಿಗಳು ರಸ್ತೆ ತುಂಬ ಉರುಳಿದವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಗೇರು ಹಾಕಲಿಕ್ಕೆ ಬಾರದವ ಎಂದು ಅಪ್ಪ ಊರಿಡೀ ಹೇಳಿಕೊಂಡು ಬಂದರು. ಮತ್ತೆ ಯಾರೂ ಕಾಕನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಅವರು ಮಾರ್ಕೆಟಿನಲ್ಲಿ ಮೂಟೆ ಇಳಿಸಿ ಸಂಸಾರ ಸಾಗಿಸಿದರು. ನಾನೂ ಬಾಯಿ ಬಿಡಲಿಲ್ಲ. ಅಪ್ಪನೆದುರು ನಾಲಗೆ ಏಳುತ್ತಿರಲಿಲ್ಲ ಎನ್ನಬಹುದು, ಆದರೆ ಅಪ್ಪ ತೀರಿಹೋಗಿಯೇ ಎಷ್ಟೋ ಕಾಲವಾಯಿತು.

ಲಾರಿಯ ಅಸ್ಥಿಪಂಜರ ಬೆಳ್ಳೂರಿನ ನಮ್ಮ ಹಿತ್ತಲಲ್ಲಿ ಗೇರುಮರದಡಿ ಬಿದ್ದಿತ್ತು. ಹೋದ ತಿಂಗಳು ಹಳೇ ಮಿಲಿಟರಿ ಗಾಡಿಗಳ ಹುಚ್ಚಿನವರೊಬ್ಬರು ನೋಡಲಿಕ್ಕೆ ಬಂದರು. ಕರ್ಚೀಫಿನಿಂದ ಪ್ಲೇಟು ಒರೆಸಿದರು. ಅರುವತ್ತರ ಮಾಡೆಲ್ ಎಂದೆ ನಾನು, ದೊಡ್ಡ ಜನದ ಹಾಗೆ. ಅವರು ನಕ್ಕರು. “ಇದು ಮಹಾಯುದ್ಧದ ಗಾಡಿ ಮಾರಾಯ್ರೆ! ಮೊದಲ ಅಕ್ಷರ ಕಂಪೆನಿಯದ್ದು. ಕೊನೆಯದ್ದು ಚಾಸಿ ಉದ್ದವೋ ಗಿಡ್ಡವೋ ಅಂತ, ಇದು ಉದ್ದದ್ದು. ನಡುವಿನದ್ದು ಹೊರುವ ಭಾರ. ಅರುವತ್ತು ಹಂಡ್ರೆಡ್‌ವೇಟ್, ಇಪ್ಪತ್ತಕ್ಕೆ ಒಂದು ಟನ್.”

ಅಂದರೆ ಮೂರೇ ಟನ್. ನನಗೆ ನಾಚಿಕೆಯಾಯಿತು. ಅವರಿಗೆ ಗಾಡಿ ಕೊಟ್ಟೆ, ಪ್ಲೇಟು ಮಾತ್ರ ಬಿಚ್ಚಿ ಇಟ್ಟುಕೊಂಡೆ.

ಮರುದಿನ ಉಪ್ಪಳಕ್ಕೆ ಹೋದೆ. ಕಾಕ ಜಗಲಿಯಲ್ಲಿ ಕೂತಿದ್ದರು. ಅಂಗಳದಲ್ಲಿ ಗಲ್ಫಿನ ಮಗನ ಕಾರು ನಿಂತಿತ್ತು. ಪ್ಲೇಟು ಅವರ ಕೈಗಿಟ್ಟು ಎಲ್ಲ ವಿವರಿಸಿದೆ. ಅವರು ಹೆಬ್ಬೆರಳಿನಿಂದ ಅರುವತ್ತನ್ನು ಉಜ್ಜಿ ನೋಡಿದರು.

“ನನಗೆ ಎಂತಕ್ಕೆ ಹೇಳ್ತೀರಿ? ನನಗೆ ಅವತ್ತೇ ಗೊತ್ತುಂಟು. ಇವಳಿಗೆ ಹೇಳಿ. ಧಣಿಯಂಥವರು ಸುಳ್ಳು ಹೇಳ್ತಾರಾ ಅಂತ ಇವಳು ಇವತ್ತಿಗೂ ಕೇಳ್ತಾಳೆ. ಮಗನ ಕಾರು ಮುಟ್ಲಿಕ್ಕೂ ನನ್ನನ್ನು ಬಿಟ್ಟದ್ದಿಲ್ಲ.”

ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಮತ್ತೊಮ್ಮೆ ಮೊದಲಿನಿಂದ ಹೇಳಿದೆ: ಕಂಪೆನಿ, ಭಾರ, ಉದ್ದ. ತಪ್ಪು ಅಪ್ಪನದ್ದು ಎಂದೂ ಹೇಳಿದೆ. ಅವರು ಪ್ಲೇಟಿನ ಕಡೆ ನೋಡಲೇ ಇಲ್ಲ.

“ನೀವು ಅವತ್ತು ಲಾರಿಯಲ್ಲಿ ಇದ್ದಿರಲ್ಲ?”

“ಇದ್ದೆ. ಆದರೆ ಈ ನಂಬರಿನ ಅರ್ಥ ನನಗೆ ಗೊತ್ತಾದದ್ದೇ ಈಗ.”

“ನಂಬರು ಬಿಡಿ. ಲೋಡು ಹೆಚ್ಚಾಯ್ತು ಅಂತ ಇವರು ಹೇಳಿದ್ದು ನಿಮಗೆ ಕೇಳಿತ್ತಾ, ಇಲ್ಲವಾ?”

ಕೇಳಿತ್ತು ಎಂದೆ.