ಆಲ್ಕೊಳ ಪಾಯಿಂಟ್‌ನಲ್ಲಿ ಯಾರೂ ಇಲ್ಲ

2021ರ ಮೇ ತಿಂಗಳ ಮಧ್ಯಭಾಗದ ಒಂದು ಸೋಮವಾರ ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ, ಶಿವಮೊಗ್ಗದ ಆಲ್ಕೊಳ ವೃತ್ತದಲ್ಲಿ ಲಾಕ್‌ಡೌನ್ ಬಂದೋಬಸ್ತ್‌ನಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಬಸವರಾಜಪ್ಪ ತಮ್ಮ ಲಾಠಿ, ಟೋಪಿ ಮತ್ತು ವಾಕಿಟಾಕಿಯನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು, ಯಾರಿಗೂ ಹೇಳದೆ ನಡೆದುಹೋದರು. ನಾನು ಆಗ ಅವರ ಠಾಣೆಯ ಇನ್‌ಸ್ಪೆಕ್ಟರ್. ಠಾಣೆ ಯಾವುದೆಂದು ಇಲ್ಲಿ ಬರೆದಿಲ್ಲ, ವ್ಯಕ್ತಿಗಳ ಹೆಸರುಗಳನ್ನು ಬದಲಿಸಿದ್ದೇನೆ.

ಆ ದಿನಗಳಲ್ಲಿ ಅಗತ್ಯ ವಸ್ತುಗಳ ಅಂಗಡಿಗಳಿಗೆ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅನುಮತಿ ಇತ್ತು. ಹತ್ತು ದಾಟಿದ ಮೇಲೆ ಓಡಾಡುವ ವಾಹನಗಳನ್ನು ತಡೆದು ವಿಚಾರಿಸುವುದು ಪಾಯಿಂಟ್ ಸಿಬ್ಬಂದಿಯ ಕೆಲಸ. ಬಸವರಾಜಪ್ಪನವರಿಗೆ ಲಾಠಿ ಎತ್ತುವ ಅಭ್ಯಾಸ ಇರಲಿಲ್ಲ, ಮಾತಿನಲ್ಲೇ ನಿಭಾಯಿಸುತ್ತಿದ್ದರು. ತಡವಾಗಿ ಬಂದ ಸ್ಕೂಟರ್ ಸವಾರನನ್ನು ನಿಲ್ಲಿಸಿ, "ಆರು ಗಂಟೆಗೆ ಸೊಪ್ಪು ತರೋಕೆ ಹೋದೋನು ಈಗ ಬರ್ತಿದೀಯ, ಬಿತ್ತಿ ಬೆಳ್ಕೊಂಡು ಬಂದ್ಯೇನೋ ಮಾರಾಯ?" ಎನ್ನುವರು. ಸವಾರನೂ ನಗುತ್ತ ಗಾಡಿ ತಿರುಗಿಸುತ್ತಿದ್ದ.

ಅಂದು ಅವರೊಂದಿಗೆ ಇದ್ದವರು ಮಹಿಳಾ ಕಾನ್‌ಸ್ಟೆಬಲ್ ಶೋಭಾ. ಅವರು ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟು: "ಹತ್ತಾದ್ಮೇಲೂ ಒಂದು ಗಾಡೀನೂ ನಿಲ್ಲಿಸ್ಲಿಲ್ಲ ಸಾರ್. ಸುಮ್ನೆ ನೋಡ್ತಾ ನಿಂತಿದ್ರು. ಕಂಟ್ರೋಲ್‌ನೋರು ಸೆಟ್‌ನಲ್ಲಿ ಆಲ್ಕೊಳ ಪಾಯಿಂಟಲ್ಲಿ ಯಾರಿದೀರಿ ಅಂತ ಕೇಳಿದ್ರು. ಯಾರೂ ಇಲ್ಲ ಅಂದ್ರು. ಸೆಟ್ ಇಟ್ಟು ಹೊರಟೇಬಿಟ್ರು. ಬಾತ್‌ರೂಮಿಗೆ ಅಂದ್ಕೊಂಡೆ."

ಕಂಟ್ರೋಲ್ ರೂಮಿನ ದಾಖಲೆಯಲ್ಲೂ ಆ ಉತ್ತರ ಹಾಗೆಯೇ ಇತ್ತು. ಕರ್ತವ್ಯದ ಸ್ಥಳ ತ್ಯಜಿಸುವುದು ನಮ್ಮ ಇಲಾಖೆಯಲ್ಲಿ ಗಂಭೀರ ಅಪರಾಧ. ಸಾಂಕ್ರಾಮಿಕದ ಕಾಲದಲ್ಲಿ ಅದಕ್ಕೆ ಅಮಾನತು ಖಚಿತ, ವಜಾ ಆಗುವ ಸಾಧ್ಯತೆಯೂ ಇತ್ತು. ಅವರಿಗೆ ಇಪ್ಪತ್ಮೂರು ವರ್ಷದ ಸೇವೆಯಾಗಿತ್ತು. ಸಂಜೆಯೊಳಗೆ ವರದಿ ಕೊಡಿ ಎಂದು ಮೇಲಧಿಕಾರಿಗಳಿಂದ ಸೂಚನೆ ಬಂತು.

ವರದಿಗೆಂದು ಡ್ಯೂಟಿ ರಿಜಿಸ್ಟರ್ ತರಿಸಿದೆ. ಯಾರು, ಯಾವ ದಿನ, ಎಲ್ಲಿ ಕೆಲಸ ಮಾಡಿದರು ಎಂಬುದಕ್ಕೆ ಠಾಣೆಯಲ್ಲಿ ಅದೇ ಆಧಾರ. ಬಸವರಾಜಪ್ಪನವರ ಸಾಲಿನಲ್ಲಿ ಹಿಂದಿನ 41 ದಿನಗಳಿಗೆ ವಾರದ ರಜೆ ಎಂಬ ಐದು ನಮೂದುಗಳು ಕೆಂಪು ಶಾಯಿಯಲ್ಲಿದ್ದವು. ಪ್ರತಿ ಪುಟದ ಕೆಳಗೆ ನನ್ನ ಸಹಿ.

ಆ ಐದರಲ್ಲಿ ಒಂದನ್ನೂ ಅವರು ಅನುಭವಿಸಿರಲಿಲ್ಲ.

ಅದು ಹೇಗೆಂದು ವಿವರಿಸಬೇಕು. ಅವರ ಮನೆ ಭದ್ರಾವತಿಯ ನ್ಯೂಟೌನ್‌ನಲ್ಲಿ. ಪತ್ನಿ ಗಿರಿಜಮ್ಮನಿಗೆ ಹಳೆಯ ದಮ್ಮು. ಸೋಂಕು ಮನೆಗೆ ಒಯ್ಯುವ ಭಯದಿಂದ ಏಪ್ರಿಲ್ ಮೊದಲ ವಾರದಿಂದಲೇ ಅವರು ಮನೆಗೆ ಹೋಗುವುದನ್ನು ಬಿಟ್ಟು, ಠಾಣೆಯ ಮಹಡಿಯ ಮೇಲೆ ಹಳೆಯ ಕಡತಗಳ ಕೋಣೆಯಲ್ಲಿ ಮಲಗುತ್ತಿದ್ದರು. ನಮ್ಮ 52 ಸಿಬ್ಬಂದಿಯಲ್ಲಿ 17 ಮಂದಿ ಸೋಂಕಿತರಾಗಿಯೋ ಕ್ವಾರಂಟೈನ್‌ನಲ್ಲಿಯೋ ಇದ್ದರು. ನಿಯಮದಂತೆ ವಾರದ ರಜೆ ಬರೆಯಲೇಬೇಕು, ಠಾಣೆಯ ದಾಖಲೆ ನೋಡಿಕೊಳ್ಳುವ ರೈಟರ್ ಬರೆಯುತ್ತಿದ್ದರು. ಆಮೇಲೆ ಆಸ್ಪತ್ರೆ ಗೇಟಿಗೋ, ಶವ ಸಾಗಿಸುವ ವಾಹನದ ಬೆಂಗಾವಲಿಗೋ ಯಾರಾದರೂ ಬೇಕೆಂದು ಕರೆ ಬರುತ್ತಿತ್ತು. ಮನೆಯಲ್ಲಿದ್ದವರನ್ನು ಕರೆಸಲು ಹೊತ್ತು ಬೇಕು. "ಬಸವರಾಜಪ್ಪ ಮೇಲೇ ಇದ್ದಾರಲ್ಲ, ಕಳಿಸಿ" ಎಂದು ಹೇಳುತ್ತಿದ್ದವನು ನಾನು. ಅವರು ಒಮ್ಮೆಯೂ ಆಗುವುದಿಲ್ಲ ಎನ್ನಲಿಲ್ಲ. ಮೇ ಆರಂಭದ ಒಂದು ರೋಲ್‌ಕಾಲ್‌ನಲ್ಲಿ, ಅಂದರೆ ಬೆಳಗಿನ ಹಾಜರಿ ವೇಳೆ, ಅವರನ್ನು ಎಲ್ಲರ ಮುಂದೆ ನಿಲ್ಲಿಸಿ "ಇವರನ್ನು ನೋಡಿ ಕಲಿಯಿರಿ" ಎಂದಿದ್ದೆ. ಅಂದೇ ಅವರ ಸಮವಸ್ತ್ರದ ಗುಂಡಿಗಳು ಮೇಲೆ ಕೆಳಗಾಗಿದ್ದವು. ನೋಡಿದ್ದೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ.

ಮಧ್ಯಾಹ್ನ ಮೂರೂವರೆಗೆ ಗಿರಿಜಮ್ಮನಿಂದ ಫೋನ್ ಬಂತು. "ಸಾರ್, ಇವ್ರು ನಡ್ಕೊಂಡು ಬಂದಿದಾರೆ. ಒಳಗೆ ಬರ್ತಿಲ್ಲ. ನೀವೇ ಬಂದು ಹೇಳಿ."

ತಕ್ಷಣ ಹೊರಟೆ. ಬಿ.ಎಚ್. ರಸ್ತೆಯಲ್ಲಿ ನನ್ನ ಜೀಪು ಬಿಟ್ಟರೆ ನಾಲ್ಕಾರು ವಾಹನಗಳಿದ್ದವು. ಆ ಬಿಸಿಲಿನಲ್ಲಿ ಅವರು ನಡೆದದ್ದು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಮನೆ ಹಳೆಯ ಕಾರ್ಖಾನೆ ಕ್ವಾರ್ಟರ್ಸ್‌ನ ಸಾಲಿನಲ್ಲಿತ್ತು. ಬಸವರಾಜಪ್ಪ ಗೇಟಿನ ಹೊರಗೆ, ರಸ್ತೆಯ ಆಚೆಬದಿಯ ಮೋರಿಕಟ್ಟೆಯ ಮೇಲೆ ಬೂಟು ಬಿಚ್ಚಿ ಕೂತಿದ್ದರು. ಅಂಗಾಲಿನಲ್ಲಿ ಗುಳ್ಳೆ ಒಡೆದಿತ್ತು. ಪಕ್ಕದ ಮನೆಯ ಸೆಲ್ವಿ ಎಂಬ ಹೆಂಗಸು ದೂರದಿಂದ ಕೋಲಿನಲ್ಲಿ ತಳ್ಳಿದ್ದ ನೀರಿನ ಬಾಟಲಿ ಅವರ ಪಕ್ಕದಲ್ಲಿತ್ತು.

"ಊರಿಗೆಲ್ಲಾ ಒಳಗೆ ಹೋಗಿ ಒಳಗೆ ಹೋಗಿ ಅಂತಾರೆ ಸಾರ್," ಎಂದರು ಸೆಲ್ವಿ. "ಇವರಿಗೆ ಯಾರು ಹೇಳೋದು?"

ಗಿರಿಜಮ್ಮ ಬಾಗಿಲಲ್ಲಿ ನಿಂತಿದ್ದರು. "ಬಂದು ಒಂದು ಗಂಟೆ ಮೇಲಾಯ್ತು. ಬಾ ಮಾರಾಯ, ನನಗೇನೂ ಆಗಲ್ಲ ಅಂತ ಕರ್ದು ಕರ್ದು ಸಾಕಾಯ್ತು. ನೋಡ್ಕೊಂಡು ಹೋಗ್ತೀನಿ ಅಂತಾರೆ. ಏನು ನೋಡೋದು ಅಷ್ಟು ದೂರದಿಂದ?"

ನಾನು ಬಂದದ್ದು ಒಂದು ಉಪಾಯದೊಂದಿಗೆ. ಸಿಬ್ಬಂದಿಗೆ ಅಸ್ವಸ್ಥತೆಯಾದರೆ ಠಾಣೆಯಿಂದ ಆಸ್ಪತ್ರೆಗೆ ಕಳುಹಿಸುವ ಚೀಟಿಗೆ ಸಿಕ್ ಮೆಮೊ ಎನ್ನುತ್ತಾರೆ. ಒಂಬತ್ತೂವರೆಗೇ ಮೆಮೊ ಕೊಟ್ಟಿದ್ದೆ ಎಂದು ಬರೆದರೆ, ಹತ್ತೂ ಇಪ್ಪತ್ತಕ್ಕೆ ಅವರು ಪಾಯಿಂಟ್ ಬಿಟ್ಟದ್ದು ಅಪರಾಧವಾಗುವುದಿಲ್ಲ. ರಿಜಿಸ್ಟರನ್ನು ಯಾರೂ ತೆರೆಯುವುದೂ ಇಲ್ಲ. ಅವರ ಪಕ್ಕ, ಒಂದು ಮಾರು ಬಿಟ್ಟು ಕೂತು ಇದನ್ನು ಹೇಳಿದೆ.

ಅವರು ಬಾಟಲಿಯ ನೀರನ್ನು ಅಂಗಾಲಿಗೆ ಸುರಿದುಕೊಂಡರು. ಆಮೇಲೆ, "ಬೇಡ ಸಾರ್. ಸಿಕ್ ಅಂದ್ರೆ ಕೋವಿಡ್ ಸೆಂಟರ್‌ಗೆ ಒಯ್ತಾರೆ. ಯಾರೋ ಉಸಿರು ಸಿಗ್ದೆ ಇರೋರ ಬೆಡ್ ನಾನ್ಯಾಕೆ ಹಿಡೀಲಿ? ನನಗೆ ನಿದ್ದೆ ಬೇಕು ಅಷ್ಟೆ" ಎಂದರು.

"ನಿದ್ದೆ ಅಂತ ಬರೆಯೋಕೆ ಕಾಲಂ ಇಲ್ಲ, ಬಸವರಾಜಪ್ಪ. ನೌಕರಿ ಹೋಗುತ್ತೆ."

"ನಾನು ಮೂರು ಠಾಣೇಲಿ ರೈಟರ್ ಆಗಿದ್ದೋನು. ಏನೇನು ಬರ್ದಿದೀನಿ ನನಗೆ ಗೊತ್ತು. ಒಂದ್ಸಲ ಇದ್ದಿದ್ದು ಇದ್ದಂಗೆ ಬರೀರಿ ಸಾರ್. ಹೋದ್ರೆ ಹೋಗ್ಲಿ."

ಸೆಲ್ವಿಯವರ ಬಳಿ ಸಾಲಿನ ಕೊನೆಯ ಖಾಲಿ ಕ್ವಾರ್ಟರ್ಸ್‌ನ ಬೀಗದ ಕೈ ಇತ್ತು. ಚಾಪೆ, ದಿಂಬು ಅಲ್ಲಿಗೆ ಹೋದವು. ಗಿರಿಜಮ್ಮ ಮಾಸ್ಕ್ ಹಾಕಿಕೊಂಡು ಕಿಟಕಿಯ ಹೊರಗೆ ನಿಂತು, ಅವರು ಎರಡು ತುತ್ತು ತಿಂದು ಮಲಗುವವರೆಗೆ ಬೈಯುತ್ತಲೇ ಇದ್ದರು. ಐದು ಗಂಟೆಗೆ ಮಲಗಿದವರು ಎದ್ದದ್ದು ಮರುದಿನ ಮಧ್ಯಾಹ್ನ ಎಂದು ನಂತರ ತಿಳಿಯಿತು.

ನಾನು ಇದ್ದದ್ದು ಇದ್ದಂತೆ ಬರೆದೆ. ನಾಲ್ಕು ಪುಟದ ವರದಿ. 41 ದಿನಗಳ ಕೆಲಸದ ಪಟ್ಟಿ, ರಿಜಿಸ್ಟರಿನ ಐದು ರಜೆಗಳು ಸುಳ್ಳು ಎಂಬ ಒಂದು ವಾಕ್ಯ, ಸಹಿ ನನ್ನದೇ ಎಂಬ ಇನ್ನೊಂದು ವಾಕ್ಯ. ಇದು ಶಿಸ್ತಿನ ಉಲ್ಲಂಘನೆಯಲ್ಲ, ಬಳಲಿಕೆ, ಇದಕ್ಕೆ ಠಾಣಾಧಿಕಾರಿಯೇ ಹೊಣೆ ಎಂದು ಮುಗಿಸಿದೆ. ಬರೆಯುವಾಗ ಧೈರ್ಯವಾಗಿದ್ದೆ ಎಂದು ಹೇಳಲಾರೆ. ಕಳುಹಿಸುವ ಮುನ್ನ ಆ ಎರಡು ವಾಕ್ಯಗಳನ್ನು ಒಮ್ಮೆ ಹೊಡೆದುಹಾಕಿ, ಮತ್ತೆ ಬರೆದೆ.

ಅವರನ್ನು ಅಮಾನತು ಮಾಡಲಾಯಿತು. ಹನ್ನೊಂದು ವಾರಗಳ ಬಳಿಕ ಕೆಲಸಕ್ಕೆ ಮರಳಿದರು. ಇಲಾಖಾ ವಿಚಾರಣೆಯ ಅಂತಿಮ ಆದೇಶದಲ್ಲಿ ಅವರಿಗೆ ವಾಗ್ದಂಡನೆ ವಿಧಿಸಿ, ಅದನ್ನು ಬಡ್ತಿಯ ವೇಳೆ ನೋಡುವ ಸೇವಾ ಪುಸ್ತಕದಲ್ಲಿ ನಮೂದಿಸಲಾಯಿತು. ವಾರದ ರಜೆಯ ಪ್ರಸ್ತಾಪ ಆದೇಶದಲ್ಲಿ ಎಲ್ಲೂ ಇರಲಿಲ್ಲ. ನನ್ನಿಂದ ಯಾವ ವಿವರಣೆಯನ್ನೂ ಕೇಳಲಿಲ್ಲ. ಮರುವರ್ಷ ನಾನು ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ, ಕಪ್ಪುಚುಕ್ಕೆಯಿಲ್ಲದ ಸೇವೆ ಎಂದು ಮೂವರು ಭಾಷಣ ಮಾಡಿದರು.

ರಜೆ ಕೇಳದವನಿಗೇ ಮೊದಲು ರಜೆ ಕೊಡಬೇಕು. ಮೂವತ್ತೆರಡು ವರ್ಷದ ನೌಕರಿ ನನಗೆ ಇದನ್ನು ಕಲಿಸಿತು, ಕೊನೆಯ ವರ್ಷದಲ್ಲಿ. ಸಿಕ್ ಮೆಮೊ ಬರೆದಿದ್ದರೆ ಅವರಿಗೆ ಒಳ್ಳೆಯದಾಗುತ್ತಿತ್ತೇ ಎಂದು ಒಮ್ಮೆ ಫೋನಿನಲ್ಲಿ ಅವರನ್ನೇ ಕೇಳಿದೆ. "ಬಿಡಿ ಸಾರ್, ಈಗ ಅದೆಲ್ಲ ಯಾಕೆ" ಎಂದು ಮಾತು ಬದಲಿಸಿದರು.

ಕಳೆದ ವರ್ಷ ಎಎಸ್‌ಐ ಹುದ್ದೆಗೆ ಬಡ್ತಿ ಪಟ್ಟಿ ಬಂತು. ಅವರೊಂದಿಗೆ ಸೇವೆಗೆ ಸೇರಿದವರೆಲ್ಲರೂ ಅದರಲ್ಲಿದ್ದಾರೆ. ಬಸವರಾಜಪ್ಪನವರ ಹೆಸರಿಲ್ಲ.